ಕೊಡಗಿನ ಕೋವಿ ವಿನಾಯಿತಿ: 1861ರ ಘೋಷಣೆಯ ಮೇಲೆ ಹೊರಿಸಿದ ಭಾರ

ಕೊಡಗಿನ ಕೋವಿ ಹಕ್ಕನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ಕಮಿಷನರ್ ಮಾರ್ಕ್ ಕಬ್ಬನ್ 1861ರ ಫೆಬ್ರವರಿ 26ರಂದು ಹೊರಡಿಸಿದ ಘೋಷಣೆಯಿಂದ ಆರಂಭಿಸಿ ಅಲ್ಲೇ ಮುಗಿಸುತ್ತಾರೆ. 1857ರಲ್ಲಿ ಕೊಡವರು ಕಂಪನಿಗೆ ನಿಷ್ಠರಾಗಿದ್ದರು, ಅದಕ್ಕೆ ಪ್ರತಿಫಲವಾಗಿ ಅವರ ಕೋವಿ ಅವರ ಬಳಿಯೇ ಉಳಿಯಿತು, ಅದೇ ಹಕ್ಕು ಇಂದಿಗೂ ನಡೆದುಬಂದಿದೆ ಎಂಬುದು ಅವರ ವಾದ. ಈ ವಾದವನ್ನು ಸ್ಮರಣ ಸಂಚಿಕೆಗಳು ಎತ್ತಿಕೊಂಡಿದ್ದರೆ ಆಕ್ಷೇಪವಿರಲಿಲ್ಲ. ಇತಿಹಾಸದ ಶಿಸ್ತಿನಲ್ಲಿ ಪಳಗಿದವರೂ ಮೂಲ ಕಾಯಿದೆಗಳನ್ನು ತೆರೆದು ನೋಡದೆ ಅದನ್ನೇ ಒಪ್ಪಿಸುತ್ತಿರುವುದರಿಂದ ಈ ಲೇಖನ ಅಗತ್ಯವಾಯಿತು.

ಮೊದಲು ಘೋಷಣೆಯ ವ್ಯಾಪ್ತಿ. ಕಬ್ಬನ್ ವಿನಾಯಿತಿ ಕೊಟ್ಟದ್ದು 1860ರ 31ನೆಯ ಕಾಯಿದೆಯಿಂದ, ಅಂದರೆ ಜನ ನಿಶ್ಶಸ್ತ್ರೀಕರಣ ಕಾಯಿದೆ ಎಂದು ಕರೆಯುತ್ತಿದ್ದ ಕಾನೂನಿನಿಂದ. ವೈಸರಾಯ್ ಲಿಟ್ಟನ್ ಕಾಲದ 1878ರ ಆಯುಧ ಕಾಯಿದೆ ಬಂದಾಗ ಆ ಹಳೆಯ ಕಾನೂನು ರದ್ದಾಯಿತು. ಮೂಲ ಕಾನೂನೇ ಇಲ್ಲವಾದ ಮೇಲೆ ಅದರಿಂದ ಕೊಟ್ಟ ವಿನಾಯಿತಿ ಎಲ್ಲಿ ನಿಂತೀತು? ಹೊಸ ಕಾಯಿದೆಯ 13ನೆಯ ಕಲಂ ಪರವಾನಗಿ ಇಲ್ಲದೆ ಆಯುಧ ಹಿಡಿದು ಸಂಚರಿಸುವುದನ್ನು ನೇರವಾಗಿ ನಿಷೇಧಿಸಿತು. ಯಾರಿಗೆ ಇದರಿಂದ ಬಿಡುಗಡೆ ಎಂದು ಹೇಳುವ ಅಧಿಕಾರವನ್ನು 27ನೆಯ ಕಲಂ ಸರ್ಕಾರಕ್ಕೆ ಕೊಟ್ಟಿತು. ಕೊಡಗಿನವನೊಬ್ಬ ಕೋವಿ ಹೆಗಲಿಗೇರಿಸಿ ಸಂತೆಗೋ ನೆಂಟರ ಮನೆಗೋ ಹೋಗುವಾಗ ಅವನನ್ನು ಕಾದದ್ದು ಕಬ್ಬನ್ನನ ಪ್ರಶಂಸೆಯಲ್ಲ, ಈ 27ನೆಯ ಕಲಮಿನ ವಿನಾಯಿತಿ ಪಟ್ಟಿ. ಸ್ವಾತಂತ್ರ್ಯಾನಂತರ 1959ರ ಕಾಯಿದೆಯ 41ನೆಯ ಕಲಂ ಅದೇ ಕೆಲಸ ಮಾಡಿತು. 1963ರ ಕೇಂದ್ರ ಅಧಿಸೂಚನೆ ಹೊರಟದ್ದು ಅದರ ಅಡಿಯಲ್ಲಿ. 1861ರಿಂದ ಇಂದಿನವರೆಗೆ ಒಂದೇ ಹಕ್ಕು ಹರಿದು ಬಂದಿದೆ ಎನ್ನುವವರು ನಡುವಿನ ಎರಡು ಕಾಯಿದೆಗಳನ್ನು ಹಾರಿ ದಾಟಿದ್ದಾರೆ.

1857ರ ಮಾತಿಗೂ ಆಧಾರ ತೆಳು. ಘೋಷಣೆ ಕೊಡಗರು ಸರ್ಕಾರಕ್ಕೆ ಸಲ್ಲಿಸಿದ ಗಣನೀಯ ಸೇವೆಯನ್ನು ನೆನೆಯುತ್ತದೆ. ಯಾವ ಸೇವೆ? ದಂಗೆಯ ವರ್ಷದಲ್ಲಿ ಕೊಡಗಿನ ನೆಲದಲ್ಲಿ ಯುದ್ಧವೇ ನಡೆಯಲಿಲ್ಲ. ಯುದ್ಧ ನಡೆದದ್ದು ಅದಕ್ಕೆ ಇಪ್ಪತ್ತು ವರ್ಷ ಮೊದಲು, 1837ರ ಅಮರ ಸುಳ್ಯದ ದಂಗೆಯಲ್ಲಿ. ಅದನ್ನು ಅಡಗಿಸಲು ನೆರವಾದ ಕೊಡವರಿಗೆ ಕಂಪನಿ ಚಿನ್ನ, ಬೆಳ್ಳಿಯ ಪದಕಗಳನ್ನು ಮಾಡಿಸಿ ಕೊಟ್ಟಿತು. ಅವುಗಳ ಮೇಲೆ ಕೊಡವ ಯೋಧನ ಚಿತ್ರವಿದೆ, ಕನ್ನಡ ಬರಹವೂ ಇದೆ. ಕಬ್ಬನ್ 1834ರಿಂದಲೇ ಕಮಿಷನರ್ ಆಗಿದ್ದವನು. ಹುದ್ದೆ ಬಿಡುವ ಹೊತ್ತಿನಲ್ಲಿ ಅವನು ನೆನೆದ ಸೇವೆ ತಾನು ಕಣ್ಣಾರೆ ಕಂಡ 1837ರದು ಎಂದು ಓದುವುದೇ ಹೆಚ್ಚು ಸಹಜ. ಇದು ಅನುಮಾನ ಪ್ರಮಾಣ ಎಂಬುದನ್ನು ಒಪ್ಪುತ್ತೇನೆ. ಎದುರು ಪಕ್ಷದವರ ಕೈಯಲ್ಲಿ ಅಷ್ಟೂ ಇಲ್ಲ.

ಆದರೆ ವಿವಾದದ ಗಂಟು ಇರುವುದು ಬೇರೆಡೆ. 1963ರ ಅಧಿಸೂಚನೆ ಎರಡು ವರ್ಗಗಳಿಗೆ ವಿನಾಯಿತಿ ಕೊಡುತ್ತದೆ: ಕೊಡಗು ಜನಾಂಗದ ಪ್ರತಿಯೊಬ್ಬರು, ಕೊಡಗಿನ ಪ್ರತಿಯೊಬ್ಬ ಜಮ್ಮಾ ಹಿಡುವಳಿದಾರ. ಎರಡನೆಯ ವರ್ಗವನ್ನು ನಮ್ಮ ಲೇಖಕರು ಅಡಿಟಿಪ್ಪಣಿಗೆ ತಳ್ಳಿದ್ದಾರೆ, ಕೆಲವರು ಅಲ್ಲಿಂದಲೂ ಕೈಬಿಟ್ಟಿದ್ದಾರೆ. ಜಮ್ಮಾ ಹಾಲೇರಿ ಅರಸರ ಕಾಲದ ಹಿಡುವಳಿ. ಕರೆ ಬಂದಾಗ ಆಯುಧ ಹಿಡಿದು ಹಾಜರಾಗುವ ಹೊಣೆ ಅದಕ್ಕಿತ್ತು. ಆ ಹೊಣೆಗೆ ಪ್ರತಿಯಾಗಿ ಕಂದಾಯ ಅರ್ಧ: ಸಾಮಾನ್ಯ ಸಾಗು ಭೂಮಿಗೆ ನೂರು ಭಟ್ಟಿಗೆ (ಭಟ್ಟಿ ನೆಲದ ಅಳತೆ) 10 ರೂಪಾಯಿ, ಜಮ್ಮಾಕ್ಕೆ 5. ಅಂದರೆ ಆಯುಧ ಇಲ್ಲಿ ಬಹುಮಾನವಾಗಿ ಬಂದದ್ದಲ್ಲ. ನೆಲದ ಜೊತೆಗೆ ಬಂದ ಕರ್ತವ್ಯ. ಈ ಹಿಡುವಳಿ ಕೊಡವ ಒಕ್ಕಗಳದ್ದು ಮಾತ್ರವೂ ಆಗಿರಲಿಲ್ಲ. ಗೌಡರು, ಹೆಗ್ಗಡೆಯವರು, ಐರಿಗಳು, ಜಮ್ಮಾ ಮಾಪಿಳ್ಳೆಗಳು ಇದರ ಒಳಗಿದ್ದರು. 1837ರ ದಂಗೆಯ ಮುಂದಾಳುಗಳಲ್ಲಿ ಒಬ್ಬರಾದ ಗುಡ್ಡೆಮನೆ ಅಪ್ಪಯ್ಯಗೌಡರನ್ನು ಅದೇ ವರ್ಷ ಮಡಿಕೇರಿಯಲ್ಲಿ ಗಲ್ಲಿಗೇರಿಸಲಾಯಿತು. ಅವರ ಸಮುದಾಯದ ಜಮ್ಮಾದಾರರೂ ವಿನಾಯಿತಿಯೊಳಗೆ ಬಂದರು. ವಿನಾಯಿತಿ ಕೇವಲ ರಾಜನಿಷ್ಠೆಯ ಕೂಲಿಯಾಗಿದ್ದರೆ ಇದನ್ನು ವಿವರಿಸುವುದು ಹೇಗೆ? ಈ ಪ್ರಶ್ನೆಗೆ ಇದುವರೆಗೆ ಯಾರೂ ಉತ್ತರ ಕೊಟ್ಟಿಲ್ಲ.

ಅಧಿಸೂಚನೆಯ ಷರತ್ತಂತೂ ಪೂರ್ತಿ ಅಲಕ್ಷ್ಯಕ್ಕೆ ಗುರಿಯಾಗಿದೆ. ವಿನಾಯಿತಿ ಪಡೆದವನು ಕೊಡಗು ಜಿಲ್ಲೆಯ ಹೊರಗೆ ವಾಸವಿದ್ದರೆ ಅಥವಾ ಪ್ರಯಾಣಿಸುತ್ತಿದ್ದರೆ ಅವನ ಬಳಿ ಒಂದು ರೈಫಲ್, ಅದಕ್ಕೆ 100 ತೋಟೆ, ಜೊತೆಗೆ ಒಂದು ಸಾದಾ ನಳಿಗೆಯ ಕೋವಿ – ಕೇಪಿನದಾಗಲಿ ತೋಟೆಯದಾಗಲಿ – ಅದಕ್ಕೆ 500 ತೋಟೆ, ಇದಕ್ಕಿಂತ ಹೆಚ್ಚಿರಕೂಡದು. ಕೊಡಗಿನ ಕೋವಿ ಮನೆಗೋಡೆಯ ಅಲಂಕಾರ, ಕೈಲ್‌ಪೊಳ್ದ್‌ನ ಪೂಜೆಗೆ, ಹುತ್ತರಿಯ ಗುಂಡಿಗೆ ಮಾತ್ರ ಎಂದು ಬರೆಯುವವರು ಈ ವಾಕ್ಯವನ್ನು ಓದಬೇಕು. ಕೋವಿ ಹೊತ್ತವನು ಜಿಲ್ಲೆಯ ಗಡಿ ದಾಟುತ್ತಾನೆ ಎಂಬುದು ಈ ಕಾನೂನಿಗೆ ಚೆನ್ನಾಗಿ ಗೊತ್ತಿತ್ತು. ದಾಟುವುದನ್ನು ಅದು ತಡೆಯಲಿಲ್ಲ, ಮಿತಿಗೊಳಿಸಿತು. ಆ ಮಿತಿಯನ್ನು ಜಿಲ್ಲೆಯ ಒಳಗೆ ಹಾಕಲಿಲ್ಲ. ಸಾರ್ವಜನಿಕ ಸ್ಥಳದಲ್ಲಿ ಆಯುಧ ಒಯ್ಯುವ ಬಗ್ಗೆ ಭಾರತದ ಕಾನೂನಿನಲ್ಲಿ ಒಂದು ಜಿಲ್ಲೆಯ ಎಲ್ಲೆಯನ್ನೇ ಗೆರೆಯಾಗಿ ಎಳೆದ ಇಂಥ ಉದಾಹರಣೆಯನ್ನು ಜಾನಪದವೆಂದು ಬದಿಗಿಡುವುದು ವಿದ್ವತ್ತಲ್ಲ. ಹಬ್ಬಗಳ ಮಹತ್ವವನ್ನು ನಾನು ಅಲ್ಲಗಳೆಯುತ್ತಿಲ್ಲ. ಗಂಡುಮಗು ಹುಟ್ಟಿದಾಗ ಒಂದು ಗುಂಡು, ಸಾವಿನಲ್ಲಿ ಎರಡು ಗುಂಡು ಹಾರಿಸುವ ರೂಢಿ ಈ ಕಾಯಿದೆಗಳ ಕೃಪೆಯಿಂದ ಬಂದದ್ದಲ್ಲ. ಆದರೆ ರೂಢಿ ಬೇರೆ, ಶಾಸನ ಬೇರೆ. ಒಂದರ ಪ್ರಮಾಣವನ್ನು ಇನ್ನೊಂದಕ್ಕೆ ಒಡ್ಡಬಾರದು.

ಓದಿನ ಈ ತಪ್ಪು ಹಳೆಯ ಕಡತಗಳಿಗೆ ಸೀಮಿತವಲ್ಲ. ಜನಾಂಗ ಮತ್ತು ಹಿಡುವಳಿಯ ಆಧಾರದ ವಿನಾಯಿತಿ ಸಮಾನತೆಗೆ ವಿರುದ್ಧವೆಂದು ಸಲ್ಲಿಸಿದ್ದ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2021ರ ಸೆಪ್ಟೆಂಬರಿನಲ್ಲಿ ವಜಾ ಮಾಡಿತು. ಆ ಸಂದರ್ಭದ ಸಾರ್ವಜನಿಕ ಚರ್ಚೆಯಲ್ಲಿ ಪರ ವಿರೋಧ ಎರಡೂ ಕಡೆಯವರು ಒರಗಿಕೊಂಡದ್ದು ಕಬ್ಬನ್ನನ ಘೋಷಣೆಗೇ. ವಿನಾಯಿತಿ ಬೇಡವೆನ್ನುವವರಿಗೆ ಅದು ವಸಾಹತುಶಾಹಿಯ ಉಡುಗೊರೆ, ಬೇಕೆನ್ನುವವರಿಗೆ ಶೌರ್ಯದ ಪ್ರಮಾಣಪತ್ರ. ಜಮ್ಮಾದ ಹೊಣೆಯನ್ನು ಎರಡೂ ಕಡೆ ಮರೆತರು. ನನ್ನ ಒಲವು ವಿನಾಯಿತಿ ಉಳಿಯಬೇಕೆಂಬ ಕಡೆಗೇ ಇದೆ. ಆದ್ದರಿಂದಲೇ ಅದರ ಸಮರ್ಥಕರು ದುರ್ಬಲ ಆಧಾರ ಹಿಡಿದು ವಾದಿಸುವುದು ನನಗೆ ಸಹಿಸದು.

2019ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ವಿನಾಯಿತಿಯನ್ನು ಹತ್ತು ವರ್ಷಕ್ಕೆ ವಿಸ್ತರಿಸಿತು. 2029ರಲ್ಲಿ ಪ್ರಶ್ನೆ ಮತ್ತೆ ಏಳುತ್ತದೆ. ಅಷ್ಟರೊಳಗೆ ಹಳೆಯ ಕಂದಾಯ ದಾಖಲೆಗಳ ಜಮ್ಮಾ ಹೆಸರುಗಳನ್ನೂ ವಿನಾಯಿತಿ ಪತ್ರಗಳನ್ನೂ ಅಕ್ಕಪಕ್ಕ ಇಟ್ಟು ಓದುವ ಕೆಲಸವನ್ನು ಕೊಡಗಿನ ಯುವ ಸಂಶೋಧಕರು ಕೈಗೆತ್ತಿಕೊಳ್ಳಬೇಕು.