ಎಂಜಿನ್ನಿನ ಕೆಂಪು ಗೆರೆ ಮತ್ತು ಒಂದು ಸ್ಪ್ರಿಂಗಿನ ಕಥೆ

ಅನೇಕ ಕಾರುಗಳಲ್ಲಿ ವೇಗಮಾಪಕದ ಪಕ್ಕದಲ್ಲೇ ಇನ್ನೊಂದು ಮುಳ್ಳು ಕುಣಿಯುತ್ತಿರುತ್ತದೆ. ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಎಂಬುದನ್ನು ಅದು ತೋರಿಸುತ್ತದೆ. ಆರೇಳು ಸಾವಿರದ ಆಸುಪಾಸಿನಲ್ಲಿ ಅಲ್ಲೊಂದು ಕೆಂಪು ಗೆರೆ. ಸುತ್ತು ಹೆಚ್ಚಿದಂತೆ ಎಂಜಿನ್ ಹೆಚ್ಚು ಗಾಳಿ, ಹೆಚ್ಚು ಪೆಟ್ರೋಲು ಸೇವಿಸಿ ಹೆಚ್ಚು ಶಕ್ತಿ ಕೊಡಬೇಕಲ್ಲವೆ? ಹಾಗಿದ್ದ ಮೇಲೆ ಈ ಗೆರೆ ಏಕೆ? ಅದನ್ನು ಮೇಲೆ ಸರಿಸಲು ರೇಸ್ ಕಾರಿನ ತಂತ್ರಜ್ಞರು ಒಂದು ಶತಮಾನ ಹೆಣಗಿದ್ದಾರೆ. ಅವರಿಗೆ ಅಡ್ಡ ನಿಂತವುಗಳಲ್ಲಿ ಮುಖ್ಯವಾದದ್ದು ಬೆರಳುದ್ದದ ಒಂದು ಸ್ಪ್ರಿಂಗ್.

ಎಂಜಿನ್ನಿಗೆ ಗಾಳಿ ಒಳಬರುವುದೂ ಹೊಗೆ ಹೊರಹೋಗುವುದೂ ವಾಲ್ವ್‌ಗಳೆಂಬ ಪುಟ್ಟ ಬಾಗಿಲುಗಳ ಮೂಲಕ. ಕ್ಯಾಮ್ ಎಂಬ ಉಬ್ಬು ವಾಲ್ವನ್ನು ಒತ್ತಿ ತೆರೆಯುತ್ತದೆ. ಸ್ಪ್ರಿಂಗ್ ಅದನ್ನು ಮುಚ್ಚುತ್ತದೆ. ನಿಮಿಷಕ್ಕೆ 6,000 ಸುತ್ತು ತಿರುಗುವ ಎಂಜಿನ್ನಿನಲ್ಲಿ ಪ್ರತಿ ವಾಲ್ವ್ ಸೆಕೆಂಡಿಗೆ 50 ಸಲ ತೆರೆದು ಮುಚ್ಚಬೇಕು. ವೇಗ ಮಿತಿ ಮೀರಿದರೆ ಸ್ಪ್ರಿಂಗಿಗೆ ಪುರುಸೊತ್ತೇ ಸಿಗದು. ವಾಲ್ವ್ ಕ್ಯಾಮಿನ ಹಿಡಿತ ತಪ್ಪಿ ತೇಲತೊಡಗುತ್ತದೆ. ಅಷ್ಟರಲ್ಲಿ ಮೇಲೇರಿ ಬಂದ ಪಿಸ್ಟನ್ ಅದಕ್ಕೆ ಬಡಿದರೆ ಎಂಜಿನ್ನಿನ ಕಥೆ ಮುಗಿದಂತೆಯೇ. ಗಟ್ಟಿ ಸ್ಪ್ರಿಂಗ್ ಹಾಕಿದರೆ ಸ್ವಲ್ಪ ದೂರ ಹೋಗಬಹುದು. ಆದರೆ ಘರ್ಷಣೆ ಹೆಚ್ಚಿ ಕ್ಯಾಮ್ ಸವೆಯುತ್ತದೆ.

ಸ್ಪ್ರಿಂಗ್ ಗಟ್ಟಿ ಮಾಡುವ ಬದಲು ಅದರ ಹೊರೆಯನ್ನೇ ಇಳಿಸುವ ದಾರಿಯನ್ನು 1912ರಲ್ಲಿ ಫ್ರಾನ್ಸಿನ ಪೂಜೋ ಕಂಪೆನಿ ತೋರಿಸಿತು. ಪ್ರತಿ ಸಿಲಿಂಡರಿಗೆ ಎರಡು ಭಾರೀ ವಾಲ್ವ್‌ಗಳ ಬದಲು ನಾಲ್ಕು ಹಗುರ ವಾಲ್ವ್‌ಗಳು, ಅವುಗಳ ಮೇಲೆ ಎರಡು ಕ್ಯಾಮ್ ದಂಡಗಳು. ಆ ವರ್ಷ ದಿಯೆಪ್‌ನಲ್ಲಿ ನಡೆದ ಫ್ರೆಂಚ್ ಗ್ರ್ಯಾನ್ ಪ್ರಿಯಲ್ಲಿ ಜಾರ್ಜ್ ಬ್ವಾಯೊ ಓಡಿಸಿದ 7.6 ಲೀಟರಿನ ಪೂಜೋ, 14 ಲೀಟರಿನ ಫಿಯೆಟ್‌ಗಳನ್ನು ಹಿಂದಿಕ್ಕಿ ಗೆದ್ದಿತು. ಇಷ್ಟಾಗಿಯೂ ಅದರ ಎಂಜಿನ್ ತಿರುಗುತ್ತಿದ್ದುದು ನಿಮಿಷಕ್ಕೆ ಸುಮಾರು 2,200 ಸುತ್ತು ಮಾತ್ರ!

1954ರಲ್ಲಿ ಜರ್ಮನಿಯ ಮರ್ಸಿಡಿಸ್ ಸ್ಪ್ರಿಂಗನ್ನೇ ಕಿತ್ತೆಸೆಯಿತು. ವಾಲ್ವನ್ನು ತೆರೆಯಲು ಒಂದು ಕ್ಯಾಮ್, ಎಳೆದು ಮುಚ್ಚಲು ಇನ್ನೊಂದು. ಡಬ್ಲ್ಯು 196 ಎಂಬ ಆ ಕಾರು ರೀಮ್ಸ್‌ನ ಮೊದಲ ಪಂದ್ಯದಲ್ಲೇ ಮೊದಲೆರಡು ಸ್ಥಾನ ಪಡೆಯಿತು. ಎರಡು ವರ್ಷಗಳ ನಂತರ ಇದೇ ತತ್ವವನ್ನು ಫಾಬಿಯೋ ತಾಲಿಯೋನಿ ಇಟಲಿಯ ಡುಕಾಟಿ ಮೋಟಾರ್‌ಸೈಕಲ್ಲಿಗೆ ತಂದರು. ಆದರೆ ಈ ವ್ಯವಸ್ಥೆಯ ತಯಾರಿಕೆ ದುಬಾರಿ, ಹೊಂದಾಣಿಕೆ ಸೂಕ್ಷ್ಮ.

ಮುಂದಿನ ಹೆಜ್ಜೆ 1986ರಲ್ಲಿ ರೆನೋ ಕಂಪೆನಿಯದು. ಏರ್ಟನ್ ಸೆನ್ನಾ ಓಡಿಸುತ್ತಿದ್ದ ಲೋಟಸ್ ಕಾರಿನ ಎಂಜಿನ್ನಿನಲ್ಲಿ ಉಕ್ಕಿನ ಸುರುಳಿಯ ಜಾಗಕ್ಕೆ ಒತ್ತಿ ತುಂಬಿದ ಅನಿಲ ಬಂತು. ಅನಿಲ ಹಗುರ, ಉಕ್ಕಿನ ಸುರುಳಿಯ ಹಾಗೆ ದಣಿದು ಮುರಿಯುವುದಿಲ್ಲ. 2006ರಲ್ಲಿ ಕಾಸ್‌ವರ್ತ್‌ನ 2.4 ಲೀಟರಿನ ಫಾರ್ಮುಲಾ ಒನ್ ಎಂಜಿನ್ ನಿಮಿಷಕ್ಕೆ 20,000 ಸುತ್ತು ಮುಟ್ಟಿತು.

ವಾಲ್ವ್ ಗೆದ್ದರೆ ಎಲ್ಲವೂ ಗೆದ್ದಂತಲ್ಲ. ಪಿಸ್ಟನ್ ಪ್ರತಿ ಸುತ್ತಿನಲ್ಲೂ ಎರಡು ಕಡೆ ನಿಂತು ಹಿಂದಿರುಗಬೇಕು. ಆಗ ಕನೆಕ್ಟಿಂಗ್ ರಾಡನ್ನು ಜಗ್ಗುವ ಬಲ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಸುತ್ತು 6,000ದಿಂದ 9,000ಕ್ಕೆ, ಅಂದರೆ ಒಂದೂವರೆ ಪಟ್ಟು, ಏರಿದರೆ ಬಲ ಎರಡೂಕಾಲು ಪಟ್ಟಾಗುತ್ತದೆ. ಆದ್ದರಿಂದಲೇ ಕಾಸ್‌ವರ್ತ್ ಎಂಜಿನ್ನಿನ ಪಿಸ್ಟನ್ ಚಲಿಸುವ ದೂರ ಸುಮಾರು 40 ಮಿಲಿಮೀಟರ್ ಮಾತ್ರ. 1999ರಲ್ಲಿ ಬಂದ ಹೋಂಡಾ ಎಸ್ 2000 ಕಾರಿನಲ್ಲಿ ಆ ದೂರ 84 ಮಿಲಿಮೀಟರ್, ಕೆಂಪು ಗೆರೆ 9,000ದ ಹತ್ತಿರ. ಲೆಕ್ಕ ಹಾಕಿದರೆ ಎರಡರಲ್ಲೂ ಪಿಸ್ಟನ್ನಿನ ಸರಾಸರಿ ವೇಗ ಹೆಚ್ಚು ಕಡಿಮೆ ಒಂದೇ: ಸೆಕೆಂಡಿಗೆ 25ರಿಂದ 27 ಮೀಟರ್.

ಇಂದು ಕಾರಿನ ಕಂಪ್ಯೂಟರಿನಲ್ಲಿ ಈ ಮಿತಿಯ ಅಂಕಿ ತಿದ್ದುವುದು ನಿಮಿಷಗಳ ಕೆಲಸ. ಆದರೆ ಅದು ಕೊನೆಯಲ್ಲಿ ಮಾಡಬೇಕಾದ ಕೆಲಸ. ಮೊದಲು ಸ್ಪ್ರಿಂಗ್ ಹಾಗೂ ವಾಲ್ವ್, ಆಮೇಲೆ ಕನೆಕ್ಟಿಂಗ್ ರಾಡ್ ಮತ್ತು ಅದರ ಬೋಲ್ಟ್, ನಂತರ ಬೇರಿಂಗಿಗೆ ಎಣ್ಣೆಯ ಪೂರೈಕೆ. ಇವೆಲ್ಲ ಹೊಸ ವೇಗವನ್ನು ತಾಳುವಂತಾದ ಮೇಲೆಯೇ ಅಂಕಿ ಏರಬೇಕು. ಆ ವೇಗದಲ್ಲಿ ಎಂಜಿನ್ನಿಗೆ ಸಾಕಷ್ಟು ಉಸಿರಾಡಲು ಆಗದಿದ್ದರೆ ಶಕ್ತಿಯೂ ಹೆಚ್ಚುವುದಿಲ್ಲ, ಸವೆತವಷ್ಟೇ ಲಾಭ. ಇನ್ನೊಂದು ಮಾತು: ಕಂಪ್ಯೂಟರ್ ಮಾಡಬಲ್ಲದ್ದು ಪೆಟ್ರೋಲನ್ನೋ ಕಿಡಿಯನ್ನೋ ನಿಲ್ಲಿಸುವುದಷ್ಟೆ. ಜೋರಾಗಿ ಓಡುವಾಗ ಚಾಲಕ ತಪ್ಪಿ ಕೆಳಗಿನ ಗೇರಿಗೆ ಹಾಕಿದರೆ ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ. ಆಗ ಯಾವ ಮಿತಿಯೂ ಕಾಯುವುದಿಲ್ಲ.

ಸ್ವಾರಸ್ಯವೆಂದರೆ, 20,000 ಮುಟ್ಟಿದ ಫಾರ್ಮುಲಾ ಒನ್ ತಾನೇ ಹಿಂದೆ ಸರಿಯಿತು. ಖರ್ಚು ತಗ್ಗಲಿ, ಎಂಜಿನ್ ಹೆಚ್ಚು ದಿನ ಬಾಳಲಿ ಎಂದು 2007ರಲ್ಲಿ 19,000, 2009ರಲ್ಲಿ 18,000, 2014ರ ಹೊಸ ಎಂಜಿನ್ನಿಗೆ 15,000 ಸುತ್ತುಗಳ ಮಿತಿ ಹಾಕಲಾಯಿತು. ಗೆರೆಯನ್ನು ಮೇಲೇರಿಸಲು ಬಲ್ಲವರಿಗೇ ಅದರ ಬೆಲೆಯೂ ಚೆನ್ನಾಗಿ ಗೊತ್ತಿತ್ತು.