ಕೆಂಪು ದೀಪ ಯಾರ ಮಾತು ಕೇಳುತ್ತದೆ?

ಅಜ್ಜಿ ಹಾಡಿದ ಒಂದು ಬೀಸುವ ಪದವನ್ನು ನಾನು ಕಳೆದುಕೊಂಡಿದ್ದೇನೆ. ಮೈಕು, ಲ್ಯಾಪ್‌ಟಾಪು ಎರಡೂ ಸರಿಯಾಗಿದ್ದವು. ಪುಟ್ಟ ಕಂಟ್ರೋಲರಿನ ರೆಕಾರ್ಡ್ ಗುಂಡಿ ಒತ್ತಿದೆ, ಕೆಂಪು ದೀಪ ಹೊತ್ತಿತು, ಅಜ್ಜಿ ಕಣ್ಣು ಮುಚ್ಚಿ ಹಾಡಿದಳು. ಮುಗಿದ ಮೇಲೆ "ಬಂತೇನೋ ಮಗಾ?" ಎಂದಳು. ನೋಡಿದರೆ ಏನೂ ಬಂದಿರಲಿಲ್ಲ. ಆ ಗುಂಡಿಗೆ ತಂತ್ರಾಂಶದಲ್ಲಿ ನಾನು ಯಾವ ಕೆಲಸವನ್ನೂ ವಹಿಸಿರಲಿಲ್ಲ. ದೀಪ ತನ್ನಷ್ಟಕ್ಕೆ ತಾನೇ ಹೊತ್ತಿಕೊಂಡಿತ್ತು.

ಗುಂಡಿಯೊಂದು ಹೀಗೆ ಸುಳ್ಳು ಹೇಳುವುದು ಹೇಗೆ ಸಾಧ್ಯವಾಯಿತು? ಈ ಪ್ರಶ್ನೆ ಹಿಡಿದು ಹೊರಟಾಗ ಸಿಕ್ಕಿದ್ದು ಒಂದು ಸಣ್ಣ ಚರಿತ್ರೆ.

ಟೇಪಿನ ಕಾಲದಲ್ಲಿ ಗುಂಡಿಗೂ ಕೆಲಸಕ್ಕೂ ನೇರ ನಂಟಿತ್ತು. ಪ್ಲೇ ಒತ್ತಿದರೆ ಸುರುಳಿ ತಿರುಗುವುದು ಕಣ್ಣಿಗೇ ಕಾಣುತ್ತಿತ್ತು. ಮಿಕ್ಸರಿನ ಫೇಡರ್ ಜಾರಿಸಿದರೆ ಅದರೊಳಗೆ ಹರಿಯುತ್ತಿದ್ದ ಹಾಡಿನ ವಿದ್ಯುತ್ತೇ ಹೆಚ್ಚು ಕಡಿಮೆಯಾಗುತ್ತಿತ್ತು.

ಈ ನಂಟು ಸಡಿಲವಾದದ್ದು ಮಿಡಿಯಿಂದ. 1981ರಲ್ಲಿ ಅಮೆರಿಕದ ಡೇವ್ ಸ್ಮಿತ್, ಬೇರೆ ಬೇರೆ ಕಂಪನಿಗಳ ಸಿಂಥಸೈಜರುಗಳು ಒಂದೇ ಭಾಷೆಯಲ್ಲಿ ಮಾತಾಡಬೇಕೆಂದು ಪ್ರಸ್ತಾಪ ಮಂಡಿಸಿದರು. ಜಪಾನಿನ ರೋಲ್ಯಾಂಡ್ ಸಂಸ್ಥೆಯ ಇಕುತಾರೊ ಕಾಕೆಹಾಶಿ ಈ ಪ್ರಯತ್ನದಲ್ಲಿ ಜೊತೆಗಿದ್ದರು. 1983ರ ಜನವರಿಯಲ್ಲಿ ಅಮೆರಿಕದ ನ್ಯಾಮ್ ಮೇಳದಲ್ಲಿ ಪ್ರಾಫೆಟ್-600 ಮತ್ತು ಜುಪಿಟರ್-6 ವಾದ್ಯಗಳನ್ನು ಒಂದು ತಂತಿಯಿಂದ ಜೋಡಿಸಿದರು. ಒಂದನ್ನು ನುಡಿಸಿದರೆ ಇನ್ನೊಂದೂ ನುಡಿಯಿತು. ತಂತಿಯಲ್ಲಿ ಹರಿದದ್ದು ನಾದವಲ್ಲ, ಸಂಖ್ಯೆಗಳು. ಯಾವ ಕೀಲಿ, ಎಷ್ಟು ಬಿರುಸು ಎಂಬುದನ್ನು 0ರಿಂದ 127ರವರೆಗಿನ ಅಂಕಿಗಳು ಹೇಳುತ್ತಿದ್ದವು. ಅಲ್ಲಿಂದ ಮುಂದೆ ಗುಂಡಿ ಕೆಲಸ ಮಾಡುವ ಬದಲು ಸುದ್ದಿ ಕಳಿಸತೊಡಗಿತು. ಆ ಸುದ್ದಿಗೆ ಅರ್ಥ ಕೊಡುವ ಹೊಣೆ ಕೇಳುವವನದಾಯಿತು.

ಕಂಪ್ಯೂಟರಿನೊಳಗೇ ಸ್ಟುಡಿಯೋ ಬಂದಾಗ ಇಲಿ ಹಿಡಿದು ಮಿಕ್ಸ್ ಮಾಡುವುದು ಕೈಗಳಿಗೆ ಒಗ್ಗಲಿಲ್ಲ. 1997ರಲ್ಲಿ ಮ್ಯಾಕಿ ಕಂಪನಿ ಪ್ರೊ ಟೂಲ್ಸ್‌ಗಾಗಿ ಹುಯಿ ಎಂಬ ಗುಂಡಿ-ಫೇಡರುಗಳ ಹಲಗೆ ತಂದಿತು. ಆಮೇಲೆ ಬಂದ ಮ್ಯಾಕಿ ಕಂಟ್ರೋಲಿನ ಭಾಷೆಯನ್ನು ಬೇರೆ ಕಂಪನಿಗಳೂ ಅಳವಡಿಸಿಕೊಂಡವು. ಆ ಭಾಷೆ ಹಳೆಯ ಮಿಡಿಯನ್ನೇ ಬೇರೆ ಅರ್ಥದಲ್ಲಿ ಬಳಸುತ್ತದೆ. ಅದರಲ್ಲಿ ಸ್ಟಾಪ್ ಎಂದರೆ 93ನೆಯ ಸ್ವರ, ಪ್ಲೇ 94, ರೆಕಾರ್ಡ್ 95. ಹಾಗಾಗಿ ಸೆಟ್ಟಿಂಗಿನಲ್ಲಿ ಈ ಹಲಗೆಯನ್ನು ಕೀಬೋರ್ಡ್ ಎಂದು ತಪ್ಪಾಗಿ ಆರಿಸಿದರೆ, ಪ್ಲೇ ಒತ್ತಿದಾಗ ಹಾಡು ಶುರುವಾಗುವ ಬದಲು ಸಿಂಥ್ ಕೀರಲು ದನಿಯಲ್ಲಿ ಕೂಗುತ್ತದೆ. ಫೇಡರಿಗೆ 128 ಮೆಟ್ಟಿಲು ಸಾಲದು. ಅದಕ್ಕೆ 16,384 ಬೆಲೆಗಳಿಗೆ ಜಾಗವಿರುವ ಪಿಚ್ ಬೆಂಡ್ ಸಂದೇಶವನ್ನು ಎರವಲು ಪಡೆದರು.

ನನಗೆ ಬೇಕಿದ್ದ ಉತ್ತರ ಸಿಕ್ಕಿದ್ದು ದೀಪದ ವಿಷಯದಲ್ಲಿ. ಈ ಪದ್ಧತಿಯಲ್ಲಿ ಗುಂಡಿ ಒತ್ತಿದೊಡನೆ ದೀಪ ಹೊತ್ತುವುದಿಲ್ಲ. 95 ಎಂಬ ಸುದ್ದಿ ತಂತ್ರಾಂಶಕ್ಕೆ ಹೋಗುತ್ತದೆ. ಅದು ರೆಕಾರ್ಡಿಂಗ್ ಶುರು ಮಾಡಿ, ಅದೇ 95ನ್ನು 127ರ ಬೆಲೆಯೊಂದಿಗೆ ಹಿಂದಿರುಗಿಸುತ್ತದೆ. ಆಗ ದೀಪ ಹೊತ್ತುತ್ತದೆ. 0 ಬಂದರೆ ಆರುತ್ತದೆ. ಅಂದರೆ ದೀಪವೆಂಬುದು 'ಆಯ್ತು' ಎಂಬ ಉತ್ತರ. ಇದು ನಡೆಯಬೇಕಾದರೆ ಸೆಟ್ಟಿಂಗಿನಲ್ಲಿ ಒಳಬರುವ ದಾರಿ, ಹೊರಹೋಗುವ ದಾರಿ ಎರಡನ್ನೂ ಆರಿಸಬೇಕು. ನನ್ನ ಕಂಟ್ರೋಲರ್ ಸಾದಾ ಮಿಡಿ ಕ್ರಮದಲ್ಲಿತ್ತು. ಒತ್ತಿದರೆ ಹೊತ್ತುವುದು, ಮತ್ತೆ ಒತ್ತಿದರೆ ಆರುವುದು, ಅಷ್ಟೇ ಅದಕ್ಕೆ ಗೊತ್ತಿದ್ದದ್ದು. ಯಾರ ಉತ್ತರಕ್ಕೂ ಅದು ಕಾಯುತ್ತಿರಲಿಲ್ಲ.

ಮರುದಿನ ಅಜ್ಜಿ ಬೇಸರಿಸದೆ ಮತ್ತೆ ಹಾಡಿದಳು. ಆದರೆ ಹಿಂದಿನ ದಿನ ತಾನಾಗಿ ಬಂದಿದ್ದ ಎರಡು ನುಡಿಗಳು ಅವಳ ನೆನಪಿಗೆ ಬರಲಿಲ್ಲ, ನನ್ನ ನೆನಪಿಗೂ ಬರಲಿಲ್ಲ. ಈಗ ದೀಪ ಸರಿಯಾಗಿ ಉತ್ತರ ಕೊಡುತ್ತದೆ. ಆದರೂ ಹಾಡು ಶುರುವಾಗುವ ಮುಂಚೆ ಪರದೆಯ ಮೇಲೆ ಸೆಕೆಂಡುಗಳು ಓಡುತ್ತಿವೆಯೇ ಎಂದು ಒಮ್ಮೆ ನೋಡಿಕೊಳ್ಳುತ್ತೇನೆ.