ಉಪ್ಪು, ಭತ್ತ, ಮೀನು: ಅಂಕೋಲೆಯ ಹೆಣ್ಣುಮಕ್ಕಳ ಚರಿತ್ರೆ

ಕಾರವಾರ ಮತ್ತು ಕುಮಟಾ ನಡುವೆ ಒಂದು ಬದಿಗೆ ಅರಬ್ಬೀ ಸಮುದ್ರ, ಇನ್ನೊಂದು ಬದಿಗೆ ಸಹ್ಯಾದ್ರಿಯ ಕಾಡು ಇರುವ ತಾಲೂಕು ಅಂಕೋಲಾ. ಊರಿನವರ ಬಾಯಲ್ಲಿ ಅಂಕೋಲೆ. ದಕ್ಷಿಣದ ಅಂಚಿನಲ್ಲಿ ಗಂಗಾವಳಿ ನದಿ ಸಮುದ್ರ ಸೇರುತ್ತದೆ. ಒಂದು ಪುರಸಭೆಯನ್ನು ಬಿಟ್ಟರೆ ಉಳಿದದ್ದೆಲ್ಲ ಗ್ರಾಮ ಪಂಚಾಯತಿಗಳ ವ್ಯಾಪ್ತಿಯ ಹಳ್ಳಿಗಳು. ಮುಂಬಯಿ, ಪುಣೆಯ ಕನ್ನಡಿಗರಿಗೆ ಈ ನೆಲ ಅಪರಿಚಿತವಲ್ಲ. ಉತ್ತರ ಕೆನರಾ ಜಿಲ್ಲೆ 1862ರಲ್ಲಿ ಮದ್ರಾಸ್ ಪ್ರಾಂತ್ಯದಿಂದ ಮುಂಬಯಿ ಪ್ರಾಂತ್ಯಕ್ಕೆ ಬಂದು, 1956ರ ರಾಜ್ಯ ಪುನರ್ವಿಂಗಡಣೆಯ ತನಕ ಮುಂಬಯಿ ಆಡಳಿತದಲ್ಲೇ ಇತ್ತು. ಓದಿಗೆ, ನೌಕರಿಗೆ, ಕೋರ್ಟು ಕೆಲಸಕ್ಕೆ ಆಗಿನವರು ನೋಡುತ್ತಿದ್ದದ್ದು ಮುಂಬಯಿಯ ಕಡೆಗೇ.

ಈ ಪುಟ್ಟ ತಾಲೂಕಿನಲ್ಲಿ ಎಷ್ಟೊಂದು ಸಮುದಾಯಗಳು! ಗದ್ದೆ ಬಯಲಿನ ನಾಡವರು, ಹಾಲಕ್ಕಿ ಒಕ್ಕಲಿಗರು, ಕಡಲನ್ನು ನಂಬಿದ ಹರಿಕಂತ್ರರು ಮತ್ತು ಖಾರ್ವಿಗಳು, ದೋಣಿ ನಡೆಸುವ ಅಂಬಿಗರು, ಉಪ್ಪಿನಾಗರದಲ್ಲಿ ದುಡಿದ ಆಗೇರರು, ನಾಮಧಾರಿಗಳು, ಕೋಮಾರಪಂತರು, ಸಾರಸ್ವತರು, ಘಟ್ಟದ ಮಗ್ಗುಲಿನ ತೋಟಗಳಲ್ಲಿ ಹವ್ಯಕರು. ಮನೆಯಲ್ಲಿ ಆಡುವ ಮಾತು ಒಬ್ಬೊಬ್ಬರದು ಒಂದೊಂದು ಬಗೆ. ನಾಡವರ ಕನ್ನಡ, ಹಾಲಕ್ಕಿ ಕನ್ನಡ, ಹವಿಗನ್ನಡ, ಕೊಂಕಣಿ ಎಲ್ಲವೂ ಅಂಕೋಲೆಯ ಪೇಟೆಯಲ್ಲಿ ಒಂದೇ ಬೆಳಿಗ್ಗೆ ಕಿವಿಗೆ ಬೀಳುತ್ತವೆ.

ಆ ಪೇಟೆಯನ್ನು ನಡೆಸುವವರಲ್ಲಿ ಹೆಚ್ಚಿನವರು ಹೆಂಗಸರು. ಗಂಡಸರು ಬಲೆ ಎಳೆದು ತಂದರೆ ಮೀನನ್ನು ಬುಟ್ಟಿಗೆ ತುಂಬಿ, ದರ ಕುದುರಿಸಿ, ಹಣ ಮಾಡಿ ಮನೆಗೆ ತರುವವರು ಮೀನುಗಾರ ಹೆಂಗಸರು. ಕುತ್ತಿಗೆ ತುಂಬ ಮಣಿಸರ ಧರಿಸಿದ ಹಾಲಕ್ಕಿ ಹೆಂಗಸರು ತಾವೇ ಬೆಳೆದ ಸೊಪ್ಪು ತರಕಾರಿ ಹೊತ್ತು ಬರುತ್ತಾರೆ. ನೆಟ್ಟಿ ಮಾಡುವವರು, ಕಳೆ ಕೀಳುವವರು, ಕೊಯ್ಲಿಗೆ ಬಗ್ಗುವವರು ಅವರೇ. ಆದರೆ ಗದ್ದೆಯ ಪಹಣಿಯಲ್ಲಾಗಲಿ, ದೋಣಿಯ ಕಾಗದದಲ್ಲಾಗಲಿ ಅವರ ಹೆಸರು ಕಾಣುವುದು ಅಪರೂಪ. ದುಡಿಮೆ ಒಬ್ಬರದು, ದಾಖಲೆ ಇನ್ನೊಬ್ಬರದು, ತೀರ್ಮಾನ ದೂರದಲ್ಲಿರುವ ಮತ್ಯಾರದೋ. ಅಂಕೋಲೆಯ ನೂರು ವರ್ಷಗಳ ಚರಿತ್ರೆಯನ್ನು ಈ ಎಳೆ ಹಿಡಿದು ಓದಬಹುದು.

ಮೊದಲು ಉಪ್ಪು. 1882ರ ಉಪ್ಪಿನ ಕಾಯ್ದೆಯಿಂದ ಉಪ್ಪು ತಯಾರಿಕೆ ಸರ್ಕಾರದ ಹಿಡಿತಕ್ಕೆ ಹೋಯಿತು. ಮನೆಯೆದುರು ಸಮುದ್ರವಿದ್ದರೂ ಉಪ್ಪಿಗೆ ಕರ ಕೊಡಬೇಕಾದ ಸ್ಥಿತಿ. ದಂಡಿಯಲ್ಲಿ ಗಾಂಧೀಜಿ ಉಪ್ಪು ಹಿಡಿದೆತ್ತಿದ ವಾರದಲ್ಲೇ, 1930ರ ಏಪ್ರಿಲ್ 13ರಂದು, ಎಂ.ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಅಂಕೋಲೆಯ ಕಡಲತೀರದಲ್ಲಿ ಕಾಯ್ದೆ ಮುರಿಯಲಾಯಿತು. ಕರ್ನಾಟಕದ ಉಪ್ಪಿನ ಸತ್ಯಾಗ್ರಹಕ್ಕೆ ಈ ಊರನ್ನೇ ಆರಿಸಿಕೊಂಡಿದ್ದರು. ಮುಂದೆ ಅಂಕೋಲಾ, ಸಿದ್ದಾಪುರ ತಾಲೂಕುಗಳಲ್ಲಿ ಕರನಿರಾಕರಣೆ ಚಳವಳಿ ಹಬ್ಬಿತು. ಭೂಕಂದಾಯ ಕಟ್ಟದ ರೈತರ ಮನೆ, ಜಮೀನು, ದನಕರು ಜಪ್ತಿಯಾದವು. ಅಂಕೋಲೆಗೆ ‘ಕರ್ನಾಟಕದ ಬಾರ್ಡೋಲಿ’ ಎಂಬ ಹೆಸರು ಬಂದದ್ದು ಹೀಗೆ.

ಗಂಡಸರು ಜೈಲಿಗೆ ಹೋದಾಗ ಮನೆಯ ಒಲೆ ಆರದಂತೆ ನೋಡಿಕೊಂಡವರು ಯಾರು ಎಂಬ ಪ್ರಶ್ನೆಯನ್ನು ಪಠ್ಯಪುಸ್ತಕಗಳು ಕೇಳುವುದಿಲ್ಲ. ಹೆಂಗಸರು ಮನೆಯಲ್ಲಷ್ಟೇ ಉಳಿಯಲೂ ಇಲ್ಲ. 1932ರಲ್ಲಿ ಸಿದ್ದಾಪುರದ ಮಾವಿನಗುಂಡಿಯಲ್ಲಿ, ಜಪ್ತಿಯಾದ ಜಮೀನು ಕೊಂಡವರ ಮನೆಯ ಮುಂದೆ ಹೆಂಗಸರು ಉಪವಾಸ ಕುಳಿತರು. ಅಲ್ಲಿನ ಸ್ಮಾರಕ ಇಂದಿಗೂ ಅದನ್ನು ನೆನಪಿಸುತ್ತದೆ. ಕರ ಸರ್ಕಾರದ್ದು, ನೆಲ ನಮ್ಮದು ಎಂದು ಅವರು ಹೇಳಿದ ರೀತಿ ಅದು.

ಆದರೆ ‘ನಮ್ಮದು’ ಎಂಬ ಮಾತು ಎಲ್ಲರಿಗೂ ಒಂದೇ ಅರ್ಥ ಕೊಡುತ್ತಿರಲಿಲ್ಲ. ಹಾಲಕ್ಕಿಗಳೂ ಇತರ ಗೇಣಿದಾರರೂ ಉಳುತ್ತಿದ್ದದ್ದು ಒಡೆಯರ ಗದ್ದೆಯನ್ನು. ಈ ಅಸಮಾನತೆಯನ್ನು ಎತ್ತಿ ಹಿಡಿದವರು ಅಂಕೋಲೆಯ ಮಗ, ಚುಟುಕು ಬ್ರಹ್ಮ ದಿನಕರ ದೇಸಾಯಿ (1909-1982). ಮುಂಬಯಿಯಲ್ಲಿ ಭಾರತ ಸೇವಕ ಸಮಾಜದ ಸದಸ್ಯರಾಗಿ ಹಡಗು ಕಾರ್ಮಿಕರನ್ನು ಸಂಘಟಿಸಿದ ಅವರು, ಊರಿನ ಗೇಣಿ ರೈತರನ್ನೂ ಒಗ್ಗೂಡಿಸಿದರು. ಅದಕ್ಕಾಗಿ 1940ರಲ್ಲಿ ಅವರನ್ನು ಜಿಲ್ಲೆಯಿಂದ ಗಡಿಪಾರು ಮಾಡಲಾಯಿತು. 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಸ್ಥಾಪಿಸಿ ಜಿಲ್ಲೆಯ ಹಳ್ಳಿಗಳಲ್ಲಿ ಹೈಸ್ಕೂಲುಗಳನ್ನು ತೆರೆದರು. ನಡೆದು ಹೋಗುವಷ್ಟು ಹತ್ತಿರದಲ್ಲಿ ಶಾಲೆ ಬಂದದ್ದರಿಂದ ಎಷ್ಟೋ ಮನೆಗಳ ಹೆಣ್ಣುಮಕ್ಕಳು ಏಳನೆಯ ತರಗತಿಯ ಆಚೆಗೂ ಓದಿದರು. 1974ರಲ್ಲಿ ಭೂಸುಧಾರಣಾ ತಿದ್ದುಪಡಿ ಜಾರಿಯಾದ ಮೇಲೆ ಉಳುವವನೇ ಒಡೆಯನಾದ. ಗಮನಿಸಿ, ಉಳುವ‘ವನು’. ನೆಟ್ಟಿ ಮಾಡುವವಳ ಹೆಸರು ಆಗಲೂ ದಾಖಲೆಗೆ ಬರಲಿಲ್ಲ.

ಹಾಗಿದ್ದೂ ಈ ತಾಲೂಕಿನ ಹೆಸರನ್ನು ದೇಶಕ್ಕೆ ಪರಿಚಯಿಸಿದವರು ಅಕ್ಷರ ಕಲಿಯದ ಇಬ್ಬರು ಹಾಲಕ್ಕಿ ಹೆಂಗಸರು. ಹೊನ್ನಳ್ಳಿಯ ತುಳಸಿ ಗೌಡ ಅರಣ್ಯ ಇಲಾಖೆಯ ಸಸಿಮಡಿಯಲ್ಲಿ ದಿನಗೂಲಿಯಾಗಿ ದಶಕಗಟ್ಟಲೆ ದುಡಿದವರು. ಯಾವ ತಾಯಿಮರದ ಬೀಜವನ್ನು ಯಾವಾಗ ಆರಿಸಬೇಕು, ಹೇಗೆ ಮೊಳೆಸಬೇಕು ಎಂಬುದು ಅವರಿಗೆ ಅಂಗೈ ಗೆರೆಯಷ್ಟು ಸ್ಪಷ್ಟ. ಬಡಗೇರಿಯ ಸುಕ್ರಿ ಬೊಮ್ಮಗೌಡ ಸಮುದಾಯದ ಹಾಡುಗಳ ಕಣಜ. ಮನೆಯೊಳಗೇ ಕುಡಿತದ ಸಾವು ಕಂಡ ಅವರು, ಊರಿನ ಹೆಂಗಸರನ್ನು ಕಟ್ಟಿಕೊಂಡು ಸಾರಾಯಿ ವಿರುದ್ಧ ಹೋರಾಡಿದರು. ಸುಕ್ರಜ್ಜಿಗೆ 2017ರಲ್ಲಿ, ತುಳಸಜ್ಜಿಗೆ 2020ರ ಸಾಲಿನಲ್ಲಿ ಪದ್ಮಶ್ರೀ ಬಂತು. ತುಳಸಜ್ಜಿ 2024ರ ಡಿಸೆಂಬರ್‌ನಲ್ಲಿ, ಸುಕ್ರಜ್ಜಿ 2025ರ ಫೆಬ್ರುವರಿಯಲ್ಲಿ ತೀರಿಕೊಂಡರು. ಹಾಲಕ್ಕಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಬೇಕೆಂದು ಇಬ್ಬರೂ ಕೇಳುತ್ತಲೇ ಇದ್ದರು. ಪ್ರಶಸ್ತಿ ಬಂತು, ಆ ಬೇಡಿಕೆ ಈಡೇರುವುದನ್ನು ಅವರು ಕಾಣಲಿಲ್ಲ.

ಇತ್ತ ಕರಾವಳಿಗೆ ದೊಡ್ಡ ಯೋಜನೆಗಳು ಬಂದವು. 1986ರಲ್ಲಿ ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಬಿತ್ತು. ಕಾರವಾರ, ಅಂಕೋಲಾ ತಾಲೂಕುಗಳ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ಮನೆ, ಗದ್ದೆ, ಬಲೆ ಒಣಗಿಸುವ ತೀರ ಬಿಟ್ಟು ಎದ್ದವು. ದೇಶದ ರಕ್ಷಣೆಗೆಂದು ಕೊಟ್ಟ ನೆಲದ ಪರಿಹಾರಕ್ಕಾಗಿ ಎಷ್ಟೋ ಜನ ವರ್ಷಗಟ್ಟಲೆ ಕೋರ್ಟು ಅಲೆದರು. ಪರಿಹಾರದ ಲೆಕ್ಕ ನಡೆದದ್ದು ಪಹಣಿಯ ಮೇಲೆ. ತೀರದಲ್ಲಿ ಮೀನು ಒಣಗಿಸಿ ಮಾರುತ್ತಿದ್ದವಳ ದುಡಿಮೆಗೆ ಯಾವ ಪಹಣಿ? 2024ರ ಜುಲೈ 16ರಂದು ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದಾಗ, ಗಂಗಾವಳಿಯ ನೀರು ಉಕ್ಕಿ ಆಚೆ ದಡದ ಉಳುವರೆಯ ಮನೆಗಳಿಗೆ ಅಪ್ಪಳಿಸಿತು. ಇದೀಗ ಕೇಣಿಯಲ್ಲಿ ವಾಣಿಜ್ಯ ಬಂದರಿನ ಪ್ರಸ್ತಾಪವಿದೆ. ಅದನ್ನು ವಿರೋಧಿಸಿ ಬೀದಿಗಿಳಿದ ಮೀನುಗಾರರಲ್ಲಿ ಹೆಂಗಸರೂ ಇದ್ದಾರೆ. ಬಂದರು ಬೇಕೇ ಬೇಡವೇ ಎಂಬ ಚರ್ಚೆಯಲ್ಲಿ ಎರಡೂ ಕಡೆಯ ವಾದಗಳಿರಬಹುದು. ಆದರೆ ತೀರದಲ್ಲೇ ಬದುಕು ಕಟ್ಟಿಕೊಂಡವರನ್ನು ಕೊನೆಯಲ್ಲಿ ಕೇಳುವ ರೂಢಿ ಉಪ್ಪಿನ ಕಾಯ್ದೆಯ ಕಾಲದಿಂದ ಹೆಚ್ಚು ಬದಲಾಗಿಲ್ಲ.

ಬದಲಾದದ್ದು ಒಂದಿದೆ. 1983ರ ಕಾಯ್ದೆಯಂತೆ 1987ರಲ್ಲಿ ಮಂಡಲ ಪಂಚಾಯತಿ ಚುನಾವಣೆ ನಡೆದಾಗ ಕರ್ನಾಟಕದಲ್ಲಿ ಶೇ. 25 ಸ್ಥಾನಗಳು ಮಹಿಳೆಯರಿಗೆ ಮೀಸಲಾದವು. 1993ರ ಪಂಚಾಯತ್ ರಾಜ್ ಕಾಯ್ದೆ ಅದನ್ನು ಮೂರನೇ ಒಂದು ಭಾಗಕ್ಕೆ ಏರಿಸಿತು. 2010ರ ತಿದ್ದುಪಡಿ ಅರ್ಧಕ್ಕೆ ತಂದಿತು. ಬುಟ್ಟಿ ಹೊತ್ತು ಪೇಟೆಗೆ ಬರುವವಳು ಈಗ ಪಂಚಾಯತಿಯ ಕುರ್ಚಿಯಲ್ಲೂ ಕೂರುತ್ತಾಳೆ. ಅವಳ ಪರವಾಗಿ ಗಂಡನೋ ಮಗನೋ ಮಾತಾಡುವ ಊರುಗಳು ಇನ್ನೂ ಇರಬಹುದು. ಆದರೂ ನಡಾವಳಿ ಪುಸ್ತಕದಲ್ಲಿ ಅವಳ ಸಹಿ ಬೀಳುತ್ತದೆ. ಪಹಣಿ ಕೊಡದ ಜಾಗವನ್ನು ಈ ಪುಸ್ತಕ ಕೊಟ್ಟಿದೆ.

ನಮ್ಮಲ್ಲಿ ಹಲವರಿಗೆ ಊರಿನಲ್ಲಿ ಇಂದಿಗೂ ಮನೆ, ಜಮೀನು, ಬಂಧುಬಳಗವಿದೆ. ಅಂಕೋಲೆಯೇ ಆಗಬೇಕೆಂದಿಲ್ಲ, ಕುಂದಾಪುರವೋ ಭಟ್ಕಳವೋ ಆಗಿರಲಿ. ಈ ಸಲ ರಜೆಯಲ್ಲಿ ಹೋದಾಗ ಎರಡು ಕೆಲಸ ಮಾಡೋಣ. ಮನೆಯ ಪಹಣಿ ತೆಗೆಸಿ ಅದರಲ್ಲಿ ಅಮ್ಮನ, ಅಕ್ಕತಂಗಿಯರ ಹೆಸರಿದೆಯೇ ಎಂದು ನೋಡೋಣ. ಗ್ರಾಮಸಭೆ ಎಂದು ನಡೆಯುತ್ತದೆ ಎಂದು ಕೇಳಿಕೊಂಡು, ಮನೆಯ ಹೆಂಗಸರನ್ನು ಅಲ್ಲಿಗೆ ಹೊರಡಿಸೋಣ.